ಡಬ್ಬಿಯಲ್ಲಿ ಬಂದ ಯುದ್ಧವಿಮಾನ

ಒಂದು ಇಂಚಿಗೆ ಆರು ಅಡಿ. ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರು 1:72 ಅಂತ ಹೇಳೋದು ಇದನ್ನೇ. ಆರಡಿ ಎತ್ತರದ ಪೈಲಟ್ ಈ ಲೆಕ್ಕದಲ್ಲಿ ಒಂದಿಂಚಿನ ಗೊಂಬೆ. ನಮ್ಮ ವಾಯುಪಡೆಯ ಹಳೆಯ ನ್ಯಾಟ್ ಫೈಟರನ್ನು ಇದೇ ಅಳತೆಗೆ ಇಳಿಸಿದರೆ ಮೂಗಿನಿಂದ ಬಾಲದವರೆಗೆ ಸುಮಾರು 12 ಸೆಂಟಿಮೀಟರ್. ನಿಮ್ಮ ಜೇಬಿನಲ್ಲಿರೋ ಫೋನ್ ಇದಕ್ಕಿಂತ ಉದ್ದ. ಅದರ ಎದುರಾಳಿಯಾಗಿದ್ದ ಸೇಬರ್ ಜೆಟ್‌ನ ಮಾಡೆಲ್ಲನ್ನು ಪಕ್ಕದಲ್ಲಿಟ್ಟರೆ, ಆನೆ ಪಕ್ಕ ಆಡಿನ ಮರಿ ನಿಂತಂಗಿರುತ್ತೆ. ರೆಕ್ಕೆಯ ಅಗಲ 6.73 ಮೀಟರ್ ಅಂತ ಪುಸ್ತಕದಲ್ಲಿ ಓದಿದರೆ ಏನೂ ಅನ್ನಿಸಲ್ಲ. ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿದಾಗ, ಇಷ್ಟು ಪುಟ್ಟದನ್ನು ಆಕಾಶದಲ್ಲಿ ಕಣ್ಣಿಟ್ಟು ಹಿಡಿಯೋದು ಎಷ್ಟು ಕಷ್ಟ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ನ್ಯಾಟ್ ಅಂದರೆ ನೊರಜು. ಹಣ್ಣಿನ ಸುತ್ತ ಗುಂಯ್‌ಗುಡುವ ಅದೇ ಹುಳ. ಇದನ್ನು ವಿನ್ಯಾಸ ಮಾಡಿದ್ದು ಟೆಡ್ಡಿ ಪೆಟರ್ ಎಂಬ ಇಂಗ್ಲಿಷ್ ಎಂಜಿನಿಯರ್. ಕ್ಯಾನ್‌ಬೆರಾ ಬಾಂಬರ್ ಕೂಡ ಈತನದೇ. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿವೆ, ದುಬಾರಿಯಾಗುತ್ತಿವೆ ಎಂಬುದು ಆತನ ಚಿಂತೆ. ಹಾಗಾಗಿ ಫಾಲಂಡ್ ಕಂಪನಿ ಸೇರಿ, ಒಂದು ಸಣ್ಣ ಎಂಜಿನ್, ಎರಡು ಗನ್, ಒಬ್ಬ ಪೈಲಟ್, ಇಷ್ಟಕ್ಕೇ ಮುಗಿಯುವ ವಿಮಾನ ಬರೆದ. 1955ರ ಜುಲೈನಲ್ಲಿ ಅದು ಹಾರಿತು. ಬ್ರಿಟನ್ನಿನ ವಾಯುಪಡೆ ಮಾತ್ರ ಫೈಟರ್ ಆಗಿ ಇದನ್ನು ಕೊಳ್ಳಲಿಲ್ಲ. ತರಬೇತಿಗೆ ಅಂತ ಎರಡು ಸೀಟಿನ ಮಾದರಿ ತೆಗೆದುಕೊಂಡಿತು, ಅಷ್ಟೆ. ಫಿನ್ಲೆಂಡ್ ಬೆರಳೆಣಿಕೆಯಷ್ಟು ಕೊಂಡಿತು. ನೂರಾರು ಸಂಖ್ಯೆಯಲ್ಲಿ ಬೇಕು, ನಾವೇ ತಯಾರಿಸುತ್ತೇವೆ ಅಂದದ್ದು ಭಾರತ. 1956ರಲ್ಲಿ ಒಪ್ಪಂದವಾಯಿತು. ಜಾಗ: ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್.

ಮಾಡೆಲ್ ಕಟ್ಟುವಾಗ ಪೆಟರ್‌ನ ಜಿಪುಣತನ ಬೆರಳಿಗೇ ಗೊತ್ತಾಗುತ್ತೆ. ಗಾಲಿಯ ಮುಚ್ಚಳಗಳನ್ನು ಗಾಲಿಯ ಕಾಲಿಗೇ ಅಂಟಿಸಬೇಕು. ಬೇರೆ ಏರ್‌ಬ್ರೇಕ್ ಭಾಗ ಹುಡುಕಿದರೆ ಸಿಗೋದಿಲ್ಲ. ಯಾಕೆಂದರೆ ಅಸಲಿ ವಿಮಾನದಲ್ಲೂ ಇಲ್ಲ. ಹಾರುತ್ತಿರುವಾಗ ವೇಗ ತಗ್ಗಿಸಬೇಕಾದರೆ ಗಾಲಿಗಳನ್ನು ಅರ್ಧ ಇಳಿಸಬೇಕು, ಆ ಮುಚ್ಚಳಗಳೇ ಗಾಳಿಗೆ ಅಡ್ಡ ನಿಲ್ಲುತ್ತವೆ. ಎರಡು 30 ಮಿ.ಮೀ. ಗನ್‌ಗಳಿಗೂ ಪ್ರತ್ಯೇಕ ಜಾಗವಿಲ್ಲ. ಗಾಳಿ ಒಳಗೆ ಎಳೆಯುವ ಬಾಯಿಯ ಅಂಚಿನಲ್ಲೇ ತುರುಕಿದ್ದಾರೆ. ಒಂದು ವಸ್ತುವಿಗೆ ಎರಡು ಕೆಲಸ. ನಮ್ಮ ಅಜ್ಜಿಯಂದಿರಿಗೆ ಈ ವಿಮಾನ ಬಹಳ ಹಿಡಿಸ್ತಿತ್ತು.

ಇಂಥ ಮಾಡೆಲ್ ಮನೆಯಲ್ಲಿದ್ದರೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದು ನೀವೇ ಮಾಡಿದ್ದಾ, ಬರೀ ಜೋಡಿಸಿದ್ದಾ?" ಪ್ರಶ್ನೆ ಚಿಕ್ಕದು. ಆದರೆ ಎಚ್‌ಎಎಲ್‌ನ ನ್ಯಾಟ್ ಕತೆ ಇರೋದೇ ಈ ಪ್ರಶ್ನೆಯೊಳಗೆ.

ಯಾಕೆ ಗೊತ್ತಾ? ಮೊದಲ ನ್ಯಾಟ್ ನಮ್ಮ ದೇಶಕ್ಕೆ ಹಾರಿಕೊಂಡು ಬರಲಿಲ್ಲ. 1958ರ ಜನವರಿಯಲ್ಲಿ ಸಿ-119 ಎಂಬ ಸಾಗಣೆ ವಿಮಾನದ ಹೊಟ್ಟೆಯೊಳಗೆ ಕೂತು ಬಂತು. ಶುರುವಿನಲ್ಲಿ ಪೂರ್ತಿ ವಿಮಾನಗಳು ಬಂದವು. ಆಮೇಲೆ ಅರ್ಧ ತಯಾರಾದವು. ಆಮೇಲೆ ಬಿಡಿಭಾಗಗಳ ಕಟ್ಟುಗಳು. ಹೆಚ್ಚು ಕಡಿಮೆ ನಾವು ಅಂಗಡಿಯಿಂದ ತರುವ ಕಿಟ್ ಡಬ್ಬಿಯ ಥರಾನೇ, 72 ಪಟ್ಟು ದೊಡ್ಡದು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ನ್ಯಾಟ್ ಹಾರಿದ್ದು 1959ರ ನವೆಂಬರಿನಲ್ಲಿ. ಇಲ್ಲೇ ಮಾಡಿದ ಭಾಗಗಳಿಂದ ಕಟ್ಟಿದ ಮೊದಲನೆಯದು ಹಾರಿದ್ದು 1962ರ ಮೇ ತಿಂಗಳಲ್ಲಿ. ಜೋಡಿಸುವುದಕ್ಕೂ ಮಾಡುವುದಕ್ಕೂ ನಡುವೆ ಎರಡೂವರೆ ವರ್ಷ.

ಮುಂದಿನದು ಬಹುತೇಕರಿಗೆ ಗೊತ್ತಿರುವ ಕತೆ. 1965ರಲ್ಲಿ ಪಠಾಣ್‌ಕೋಟ್‌ನಿಂದ ಹಾರಿದ ನ್ಯಾಟ್‌ಗಳು ಸೇಬರ್‌ಗಳ ಎದುರು ನಿಂತವು. ಕೀಲರ್ ಅಣ್ಣತಮ್ಮಂದಿರಿಬ್ಬರಿಗೂ ವೀರಚಕ್ರ ಬಂತು. ಅದೇ ಯುದ್ಧದಲ್ಲಿ ಒಂದು ನ್ಯಾಟ್ ಪಾಕಿಸ್ತಾನದ ಪಸ್ರೂರ್ ರನ್‌ವೇಯಲ್ಲಿ ಇಳಿಯಿತು; ಈಗ ಕರಾಚಿಯ ಮ್ಯೂಸಿಯಮ್ಮಿನಲ್ಲಿದೆ. 1971ರ ನವೆಂಬರ್ 22ರಂದು ಬೊಯ್ರಾದ ಮೇಲೆ ನ್ಯಾಟ್‌ಗಳು ಬೀಳಿಸಿದ ಸೇಬರ್‌ಗಳಿಂದ ಹಾರಿಕೊಂಡು ಸೆರೆಸಿಕ್ಕ ಪೈಲಟ್‌ಗಳಲ್ಲಿ ಒಬ್ಬರು, ಪರ್ವೇಜ್ ಮೆಹ್ದಿ ಕುರೇಶಿ, ಮುಂದೆ ಪಾಕಿಸ್ತಾನದ ವಾಯುಪಡೆಗೇ ಮುಖ್ಯಸ್ಥರಾದರು. ಅದೇ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ದಾಳಿಯಾದಾಗ ನ್ಯಾಟ್ ಏರಿ ಎದುರಿಸಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ವಾಪಸು ಬರಲಿಲ್ಲ. ವಾಯುಪಡೆಗೆ ಬಂದಿರುವ ಏಕೈಕ ಪರಮವೀರಚಕ್ರ ಅವರದು.

ಈ ಹೆಸರುಗಳ ಹಿಂದೆ ಮುಚ್ಚಿಹೋಗುವ ಇನ್ನೊಂದು ಸಂಗತಿ ಇದೆ. ನ್ಯಾಟ್ ಪೈಲಟ್‌ಗಳನ್ನು ಗೋಳುಹೊಯ್ದುಕೊಂಡ ವಿಮಾನವೂ ಹೌದು. ಗನ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಾಲದ ರೆಕ್ಕೆ ಆಡಿಸುವ ಹೈಡ್ರಾಲಿಕ್ ವ್ಯವಸ್ಥೆ ಕೈಕೊಡುತ್ತಿತ್ತು. ಇಂಧನ ಹೆಚ್ಚು ಹೊತ್ತು ಬರುತ್ತಿರಲಿಲ್ಲ. ಇದನ್ನೆಲ್ಲ ಯಾರನ್ನು ಕೇಳಬೇಕು? ಪೆಟರ್ 1959ರಲ್ಲೇ ವಿಮಾನದ ಸಹವಾಸ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ಧಾರ್ಮಿಕ ಸಮುದಾಯ ಸೇರಿಬಿಟ್ಟಿದ್ದ. ಬೆಂಗಳೂರಿನಲ್ಲಿದ್ದದ್ದು ಆತನ ನಕ್ಷೆಗಳು.

ಮಾಡೆಲ್ ಕಿಟ್ಟಿನ ಸೂಚನಾಪತ್ರ ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತೆ. 23ನೇ ಭಾಗವನ್ನು 24ಕ್ಕೆ ಅಂಟಿಸಿ ಅನ್ನುತ್ತದೆ, ಯಾಕೆ ಅಂತ ಹೇಳೋದಿಲ್ಲ. ಲೈಸೆನ್ಸ್ ಒಪ್ಪಂದವೂ ಹಾಗೇ. "ಹೇಗೆ" ಸಿಗುತ್ತದೆ, "ಏಕೆ" ಸಿಗುವುದಿಲ್ಲ. ಅದನ್ನು ನಾವೇ ಬಿಚ್ಚಿ, ಮತ್ತೆ ಕಟ್ಟಿ ಕಲಿಯಬೇಕು. ಎಚ್‌ಎಎಲ್ ಅದನ್ನೇ ಮಾಡಿತು. ಕೊನೆಯ ನ್ಯಾಟ್ ಹೊರಬಿದ್ದದ್ದು 1974ರ ಜನವರಿಯಲ್ಲಿ. ಮರುವರ್ಷವೇ ಅಜೀತ್ ಹಾರಿತು. ನೋಡೋಕೆ ಅದೇ ನ್ಯಾಟ್. ಆದರೆ ಇಂಧನ ರೆಕ್ಕೆಯೊಳಗೆ ಹೋಗಿತ್ತು, ಹೊರಗೆ ಟ್ಯಾಂಕ್ ತೂಗುತ್ತಿದ್ದ ಜಾಗ ಬಾಂಬ್‌ಗಳಿಗೆ ಬಿಡುವಾಗಿತ್ತು, ಬಾಲದ ನಿಯಂತ್ರಣವೂ ಸುಧಾರಿಸಿತ್ತು. ಬೇರೆಯವರ ವಿಮಾನಕ್ಕೆ "ಇಲ್ಲಿ ತಪ್ಪಿದೆ, ಹೀಗಿರಬೇಕು" ಅನ್ನುವಷ್ಟು ಧೈರ್ಯ ಬರೋದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿದಿತ್ತು.

ಇದೇ ಊರಲ್ಲಿ ಅದೇ ಕಾಲಕ್ಕೆ ಉಲ್ಟಾ ದಾರಿಯನ್ನೂ ಹಿಡಿದಿದ್ದರು. ಜರ್ಮನಿಯ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಇಲ್ಲೇ ವಿನ್ಯಾಸ ಮಾಡಿದ ಮಾರುತ್ 1961ರಲ್ಲಿ ಹಾರಿತು. ನೋಡಲು ಅಂದವಾದ ವಿಮಾನ. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ನ್ಯಾಟ್‌ಗೆ ಒಂದು ಸಾಕಾಗುತ್ತಿದ್ದ ಆರ್ಫಿಯಸ್ ಎಂಜಿನ್ನನ್ನೇ ಎರಡು ಹಾಕಿದರು. ಶಬ್ದದ ಎರಡರಷ್ಟು ವೇಗದ ಕನಸು ಕಂಡಿದ್ದ ಮಾರುತ್ ಅದರ ಹತ್ತಿರಕ್ಕೂ ಹೋಗಲಿಲ್ಲ. ಮೈ ನಮ್ಮದು, ಉಸಿರು ಇನ್ನೊಬ್ಬರದು. 2001ರಲ್ಲಿ ಮೊದಲು ಹಾರಿದ ತೇಜಸ್ ಕೂಡ ಇವತ್ತಿಗೂ ಅಮೆರಿಕದ ಎಂಜಿನ್ ಹೊತ್ತೇ ಹಾರುತ್ತಿದೆ.

ದೇವನಹಳ್ಳಿಯ ಹತ್ತಿರ ಐಫೋನ್ ಜೋಡಿಸುವ ಕಾರ್ಖಾನೆಯ ಮಾತು ಬಂದಾಗ ಆಫೀಸಿನ ಕ್ಯಾಂಟೀನಿನಲ್ಲಿ "ಅಯ್ಯೋ, ಬರೀ ಅಸೆಂಬ್ಲಿ" ಅಂತ ಮೂಗು ಮುರಿಯುವವರಿದ್ದಾರೆ. "ನೋಡಿ, ಮೇಡ್ ಇನ್ ಇಂಡಿಯಾ" ಅಂತ ಎದೆ ಉಬ್ಬಿಸುವವರೂ ಇದ್ದಾರೆ. ನ್ಯಾಟ್ ಇಬ್ಬರಿಗೂ ಪೂರ್ತಿ ಗೆಲುವು ಕೊಡೋದಿಲ್ಲ. ಜೋಡಿಸದೆ ಕಲಿಯೋಕಾಗಲ್ಲ ಅನ್ನೋದನ್ನು 1962 ಹೇಳುತ್ತದೆ. ಜೋಡಿಸಿದ ಮಾತ್ರಕ್ಕೆ ಕಲಿತಂತಲ್ಲ ಅನ್ನೋದನ್ನು ಆರ್ಫಿಯಸ್ ಹೇಳುತ್ತದೆ. ಅದನ್ನೂ ಇಲ್ಲೇ ಲೈಸೆನ್ಸ್ ಪಡೆದು ವರ್ಷಗಟ್ಟಲೆ ತಯಾರಿಸಿದೆವು. ನ್ಯಾಟ್‌ನ ನಕ್ಷೆಗಳಿಂದ ಒಂದು ಅಜೀತ್ ಹುಟ್ಟಿತು. ಆರ್ಫಿಯಸ್‌ನ ನಕ್ಷೆಗಳಿಂದ ಅಂಥದ್ದೊಂದು ಎಂಜಿನ್ ಹುಟ್ಟಿ ನಮ್ಮ ಫೈಟರಿನೊಳಗೆ ಕೂರಲಿಲ್ಲ.