ನಾಲ್ಕನೇ ಕ್ಲಾಸಿನ ಸೊಸೆ

ಎಂಬತ್ತರ ದಶಕದ ಮೊದಲಲ್ಲಿ ನಾನು ಆರೋಗ್ಯ ಸಹಾಯಕಿಯಾಗಿ ತುಮಕೂರು ಸೀಮೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಬೇಸಿಗೆ ಬಂತೆಂದರೆ ವಾಂತಿಭೇದಿಗೆ ಕೂಸುಗಳು ತೀರಿಕೊಂಡ ಸುದ್ದಿ. ಅದೇ ಬಡತನ, ಅದೇ ಬಾವಿ ನೀರು, ಅದೇ ಉಪಕೇಂದ್ರ. ಆದರೂ ನಾಲ್ಕನೇ ಕ್ಲಾಸು ಓದಿ ಬಂದ ಸೊಸೆ ಇದ್ದ ಮನೆಯಲ್ಲಿ ಕೂಸುಗಳು ಹೆಚ್ಚು ಉಳಿಯುತ್ತಿದ್ದವು. ನಾಲ್ಕನೇ ಕ್ಲಾಸಿನಲ್ಲಿ ಅವಳಿಗೆ ಯಾರೂ ವೈದ್ಯ ಕಲಿಸಿರಲಿಲ್ಲ. ಹಾಗಾದರೆ ಕೂಸುಗಳು ಉಳಿಯುತ್ತಿದ್ದುದು ಹೇಗೆ?

ಅದೇ ಕಾಲಕ್ಕೆ ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ, ಬೆಂಗಳೂರಿನ ಪಿ. ಎಚ್. ರೆಡ್ಡಿ ಅವರ ಜೊತೆಗೂಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇದೇ ಪ್ರಶ್ನೆ ಹಿಡಿದು ಮನೆಮನೆ ತಿರುಗಿದ್ದರು. ತಾಯಿಯ ಓದಿಗೂ ಮಗುವಿನ ಉಳಿವಿಗೂ ನಂಟಿದೆ ಎಂದು ಜಾನ್ ಕಾಲ್ಡ್‌ವೆಲ್ 1979ರಲ್ಲೇ ನೈಜೀರಿಯಾದ ಲೆಕ್ಕ ಇಟ್ಟು ಬರೆದಿದ್ದರು. ಇಲ್ಲಿ ಅವರು ಕಂಡದ್ದನ್ನು ನಾನು ದಿನವೂ ಕಾಣುತ್ತಿದ್ದೆ.

ಮಗು ಹುಷಾರು ತಪ್ಪಿದರೆ ಏನು ಮಾಡಬೇಕೆಂದು ಹೇಳುವವಳು ಅತ್ತೆ. ಮೊದಲು ದೃಷ್ಟಿ ತೆಗೆಯುವುದು, ಆಮೇಲೆ ತಾಯತ, ಆಮೇಲೆ ಹರಕೆ. ಅಷ್ಟರಲ್ಲಿ ಕೂಸಿನ ಕಣ್ಣು ಗುಳಿ ಬಿದ್ದಿರುತ್ತಿತ್ತು. ಅದು ಸೊಸೆಗೆ ಕಾಣುತ್ತಿರಲಿಲ್ಲವೆ? ಎಲ್ಲರಿಗಿಂತ ಮೊದಲು ಕಾಣುತ್ತಿದ್ದುದು ಅವಳಿಗೇ. ಬಾಯಿ ಬಿಡುವ ಹಕ್ಕು ಇರಲಿಲ್ಲ, ಅಷ್ಟೆ. ಓದಿದವಳು "ಅತ್ತೆ, ನಾನೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ" ಎಂದು ಸೆರಗು ಬಿಗಿಯುತ್ತಿದ್ದಳು. "ಓದಿದೋಳು, ತಿಳ್ದಿರ್ತದೆ" ಎಂದು ಮುದುಕಿಯೂ ಸುಮ್ಮನಾಗುತ್ತಿದ್ದಳು. ಆ ಅತ್ತೆಯರನ್ನು ನಾನು ದೂರಲಾರೆ. ತಮ್ಮ ಮಕ್ಕಳಲ್ಲಿ ಇಬ್ಬರನ್ನೋ ಮೂವರನ್ನೋ ಮಣ್ಣು ಮಾಡಿ ಬಂದವರು ಅವರು.

ಇನ್ನೊಂದು ವಿಷಯ, ಎರಡನೆಯ ಸಲ ಬರುವುದು. ಔಷಧಿಗೆ ಜಗ್ಗದಿದ್ದರೆ ಓದಿದವಳು ಮರುದಿನವೇ ಮಗುವನ್ನೆತ್ತಿಕೊಂಡು ಬಂದು "ಕಮ್ಮಿ ಆಗ್ಲಿಲ್ಲ ಡಾಕ್ಟ್ರೇ" ಎನ್ನುತ್ತಿದ್ದಳು. ಓದದವಳು ಬೈಸಿಕೊಳ್ಳುವ ಭಯಕ್ಕೆ ಬರುತ್ತಿರಲಿಲ್ಲ. ಕಾಲ್ಡ್‌ವೆಲ್ ಬಳಗವೂ ಇದನ್ನು ಗುರುತಿಸಿದೆ. ಸಭೆಗಳಲ್ಲಿ ಸಾಹೇಬರು ಇಂಥ ಸಾವಿಗೆಲ್ಲ "ತಾಯಂದಿರ ಅಜ್ಞಾನ" ಎಂದು ಕಾರಣ ಕೊಡುವಾಗ ನನಗೆ ಸಂಕಟವಾಗುತ್ತಿತ್ತು. ಗದರುವ ಬಾಯಿ ನಮ್ಮದಾಗಿತ್ತು.

ಹಾಗೆಂದು ಬರೀ ಓದು ಸಾಲದು. 1986ರ ಲೇಖನವೊಂದರಲ್ಲಿ ಕಾಲ್ಡ್‌ವೆಲ್ ನೈಜೀರಿಯಾದ ಲೆಕ್ಕವನ್ನು ಮತ್ತೆ ಕೊಟ್ಟಿದ್ದಾರೆ: ಓದದ ತಾಯಂದಿರಿಗೆ ಆಸ್ಪತ್ರೆಯೊಂದೇ ಹತ್ತಿರವಾದರೆ ಮಗುವಿನ ನಿರೀಕ್ಷಿತ ಆಯುಸ್ಸು ಶೇ. 20 ಹೆಚ್ಚುತ್ತದೆ, ಆಸ್ಪತ್ರೆಯಿಲ್ಲದೆ ತಾಯಿಗೆ ಓದು ಮಾತ್ರ ಇದ್ದರೆ ಶೇ. 33, ಎರಡೂ ಇದ್ದರೆ ಶೇ. 87.