ಚರ್ಮಸ್ಪರ್ಶ ಚಿಕಿತ್ಸೆ (ಜಪಾನ್)

ಸೂಜಿ ಚುಚ್ಚದೆ, ಸ್ನಾಯುವನ್ನು ಹಿಸುಕದೆ, ಚರ್ಮವನ್ನು ಮೇಲಿಂದ ಮೇಲೆ ಸವರಿ, ತಟ್ಟಿ ಇಲ್ಲವೆ ಮೆಲ್ಲಗೆ ಒತ್ತಿ ನೋವನ್ನೂ ಬಿಗಿತವನ್ನೂ ಶಮನಗೊಳಿಸುವ ಪದ್ಧತಿ. ಕತ್ತು, ಹೆಗಲು ಹಿಡಿದುಕೊಳ್ಳುವ ಬಾಧೆಗೆ ಜಪಾನಿನಲ್ಲಿ ಕತಕೊರಿ ಎಂದು ಹೆಸರು. ಅಲ್ಲಿನ ಸರ್ಕಾರಿ ಸಮೀಕ್ಷೆಗಳಲ್ಲಿ ಜನ ಹೇಳಿಕೊಳ್ಳುವ ದೇಹಬಾಧೆಗಳ ಪೈಕಿ ಸೊಂಟನೋವು ಮತ್ತು ಕತಕೊರಿ ಮುಂಚೂಣಿಯಲ್ಲಿವೆ. ನತ್ಸುಮೆ ಸೊಸೆಕಿ 1910ರಲ್ಲಿ ಬರೆದ 'ಮೋನ್' ಕಾದಂಬರಿಯ ಒಯೊನೆ ಈ ಬಾಧೆಯಿಂದ ಹಾಸಿಗೆ ಹಿಡಿಯುತ್ತಾಳೆ. ಗಂಡ ಅವಳ ಹೆಗಲನ್ನು ಒತ್ತುತ್ತಾನೆ.

ಪದ್ಧತಿಯ ಬೇರು ಚೀನಾದ್ದು. ಪ್ರಾಚೀನ ವೈದ್ಯಗ್ರಂಥ 'ಲಿಂಗ್‌ಶು' ಹೇಳುವ ಒಂಬತ್ತು ಬಗೆಯ ಸೂಜಿಗಳಲ್ಲಿ ಎರಡು ಚರ್ಮವನ್ನು ಭೇದಿಸುವಂಥವಲ್ಲ: ಮೊಟ್ಟೆಯಾಕಾರದ ತುದಿಯದು ಉಜ್ಜಲು, ಸಿರಿಧಾನ್ಯದ ಕಾಳಿನಷ್ಟು ತುದಿಯದು ಒತ್ತಲು. ಜಪಾನೀಯರು ಈ ಎರಡನೆಯದನ್ನು ತೆಯ್ಶಿನ್ ಎಂದು ಕರೆದು ಇಂದಿಗೂ ಬಳಸುತ್ತಾರೆ. ಹದಿನೇಳನೆಯ ಶತಮಾನದಲ್ಲಿ ದೃಷ್ಟಿಹೀನ ವೈದ್ಯ ಸುಗಿಯಾಮ ವಾಯ್ಚಿ (1610–1694) ಸೂಜಿಗೆ ಕೊಳವೆಯ ಆಸರೆ ಕೊಟ್ಟು ಚುಚ್ಚುವ ನೋವನ್ನು ಕಡಿಮೆ ಮಾಡಿದ. ಅವನು ಕಟ್ಟಿದ ಶಾಲೆಗಳಿಂದಾಗಿ ಸೂಜಿ ಮತ್ತು ಅಂಗಮರ್ದನದ ಕಸುಬು ಅಂಧರಿಗೆ ಗೌರವದ ಜೀವನೋಪಾಯವಾಯಿತು. ಈ ಇತಿಹಾಸದಲ್ಲಿ ಮನ ಮುಟ್ಟುವ ಅಧ್ಯಾಯ ಇದು.

ಮೃದುಸ್ಪರ್ಶ ಪೂರ್ಣವಾಗಿ ಬೆಳೆದದ್ದು ಒಸಾಕಾದ ಮಕ್ಕಳ ಚಿಕಿತ್ಸೆಯಲ್ಲಿ. ರಚ್ಚೆ ಹಿಡಿಯುವ, ನಿದ್ದೆ ಮಾಡದ ಕೂಸುಗಳ ಮೈಯನ್ನು ಲೋಹದ ಪುಟ್ಟ ಉಪಕರಣಗಳಿಂದ ಸವರುವ ಶೋನಿಶಿನ್ ಅಲ್ಲಿ ಮನೆಮಾತಾಯಿತು. ನಕಾನೊ ಮನೆತನದ ಚಿಕಿತ್ಸಾಲಯಕ್ಕೆ ಬರುವವರು ಎಷ್ಟಿದ್ದರೆಂದರೆ, 1923ರಲ್ಲಿ ತೆರೆದ ರೈಲು ನಿಲ್ದಾಣಕ್ಕೇ ಹರಿನಕಾನೊ ಎಂಬ ಹೆಸರು ಬಂತು. ಹರಿ ಎಂದರೆ ಸೂಜಿ. ಜಪಾನಿನ ಮೇಜಿ ಸರ್ಕಾರ 1874ರಿಂದ ಪಾಶ್ಚಾತ್ಯ ವೈದ್ಯಕ್ಕಷ್ಟೇ ಮಾನ್ಯತೆ ಕೊಟ್ಟರೂ ಸೂಜಿ ಚಿಕಿತ್ಸೆಯ ಕಸುಬು ಸಾಯಲಿಲ್ಲ. 1947ರ ಕಾನೂನು ಅದಕ್ಕೆ ಪರವಾನಗಿಯ ನೆಲೆ ಒದಗಿಸಿತು. ಚಿಕಿತ್ಸಕರ ನೆರವಿಲ್ಲದೆ, ಒಣಬಟ್ಟೆಯಿಂದ ತಮ್ಮ ಮೈಯನ್ನು ತಾವೇ ಉಜ್ಜಿಕೊಳ್ಳುವ ಕನ್ಪು ಮಸತ್ಸು ಶಾಲೆಗಳಲ್ಲೂ ರೂಢಿಯಲ್ಲಿತ್ತು.

ಕಾರಣ ಹುಡುಕುವ ವಿಜ್ಞಾನ ತಡವಾಗಿ ಬಂತು. ಸ್ವೀಡನ್ನಿನ ಇಂಗ್ವೆ ಸೊಟರ್ಮನ್ 1939ರಲ್ಲಿ ಬೆಕ್ಕುಗಳಲ್ಲಿ, ಹಗುರ ಸ್ಪರ್ಶಕ್ಕೆ ಸ್ಪಂದಿಸುವ ನಿಧಾನಗತಿಯ ನರತಂತುಗಳನ್ನು ಗುರುತಿಸಿದ. ಮನುಷ್ಯರ ರೋಮವಿರುವ ಚರ್ಮದಲ್ಲೂ ಇಂಥವು ಇವೆಯೆಂದು ನಂತರ ತಿಳಿಯಿತು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಇವು ಹೆಚ್ಚು ಸ್ಪಂದಿಸುತ್ತವೆ. ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿಯೇ ನೋವಿನ ಸಂಕೇತಗಳಿಗೆ ತಡೆಯೊಡ್ಡಬಲ್ಲವು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ಜಪಾನಿನಲ್ಲಿ ಅಕಿಯೊ ಸಾತೊ ಚರ್ಮಕ್ಕೂ ಒಳಾಂಗಗಳಿಗೂ ಇರುವ ನರಸಂಬಂಧವನ್ನು ದಶಕಗಳ ಕಾಲ ಅಭ್ಯಸಿಸಿದರು. ಟೋಕಿಯೊದ ಹರುಮಿ ಹೊತ್ತಾ ಮತ್ತು ಸಂಗಡಿಗರು ಸೂಕ್ಷ್ಮ ಮೊನೆಗಳಿರುವ ಮೆದುವಾದ ಉರುಳೆಯನ್ನು ಅರಿವಳಿಕೆ ಕೊಟ್ಟ ಇಲಿಗಳ ಚರ್ಮದ ಮೇಲೆ ಉರುಳಿಸಿದಾಗ, ಮೂತ್ರಕೋಶದ ಸಂಕೋಚನ ತಗ್ಗಿತು.

ಇಲಿಯಲ್ಲಿ ಕಂಡದ್ದನ್ನು ಮನುಷ್ಯನ ಹೆಗಲಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಖರ್ಚಿಲ್ಲದ, ತನ್ನ ಕೈಯಿಂದಲೇ ಆಗುವ ಉಪಶಮನವೆಂಬ ಕಾರಣಕ್ಕೆ ಇದಕ್ಕೆ ಬೆಲೆಯುಂಟು. ಗಾಯ, ಸೋಂಕು, ಕಜ್ಜಿ ಇರುವ ಚರ್ಮದ ಮೇಲೆ ಇದು ಕೂಡದು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ಹೆಗಲುನೋವಿನ ಜೊತೆ ಎದೆನೋವು ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.