ಲ್ಯಾಪ್‌ಟಾಪ್ ಸರಿಯಾಗಿ ಆರಂಭವಾಗದಿದ್ದಲ್ಲಿ ಅನುಸರಿಸಬೇಕಾದ ಕ್ರಮ: ಸಾರ್ವಜನಿಕರ ತಿಳಿವಳಿಕೆಗಾಗಿ

ಚಾಮರಾಜನಗರ ಜಿಲ್ಲೆಯಲ್ಲಿ ಲ್ಯಾಪ್‌ಟಾಪ್ ಎಂಬುದು ಕಚೇರಿಯ ಮೇಜಿಗೆ ಸೀಮಿತವಾದ ಉಪಕರಣವಾಗಿ ಉಳಿದಿಲ್ಲ. 2019-20ನೇ ಸಾಲಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ಜಾರಿಗೊಳಿಸಿದ ತರುವಾಯ, ಗುಂಡ್ಲುಪೇಟೆ, ಯಳಂದೂರು, ಹನೂರಿನಂತಹ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿಯೂ ಅದು ಕಾಣಸಿಗುತ್ತದೆ. ಆ ಸಾಲಿನ ಯಂತ್ರಗಳು ಹಳತಾಗಿದ್ದು, ಬ್ಯಾಟರಿ ಸೊರಗುವ ಮತ್ತು ಡಿಸ್ಕ್ ತೊಂದರೆ ಕೊಡುವ ವಯಸ್ಸನ್ನು ತಲುಪಿವೆ. ಕಂಪನಿಗಳ ಅಧಿಕೃತ ಸೇವಾ ಕೇಂದ್ರ ಬೇಕೆಂದರೆ ಸಾಮಾನ್ಯವಾಗಿ ಸುಮಾರು 60 ಕಿ.ಮೀ. ದೂರದ ಮೈಸೂರಿಗೆ ಹೋಗಬೇಕಾಗುತ್ತದೆ. ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ವ್ಯರ್ಥವಾಗದಂತೆ, ಮನೆಯಲ್ಲಿಯೇ ಪರೀಕ್ಷಿಸಬಹುದಾದುದನ್ನು ಪರೀಕ್ಷಿಸಲು ನೆರವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ಒಂದು ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತರಬೇಕಾಗಿದೆ. ಆರಂಭವಾಗದ ಲ್ಯಾಪ್‌ಟಾಪ್ ಅಂಗಡಿಗೆ ಹೋದೊಡನೆ ಕೇಳಿಬರುವ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬುದು. ಫಾರ್ಮ್ಯಾಟ್ ಮಾಡಿದರೆ ಯಂತ್ರ ಅನೇಕ ವೇಳೆ ಆರಂಭವಾಗುತ್ತದೆ, ನಿಜ. ಆದರೆ ಅದರಲ್ಲಿದ್ದ ಪ್ರಾಜೆಕ್ಟ್ ವರದಿ, ಅಂಗಡಿಯ ಲೆಕ್ಕ, ಮದುವೆಯ ಛಾಯಾಚಿತ್ರಗಳು ಹೋದಂತೆಯೇ ಸರಿ. ಆದುದರಿಂದ ದೋಷ ಯಾವ ಹಂತದಲ್ಲಿದೆ ಎಂದು ತಿಳಿಯುವುದು, ಕಡತಗಳನ್ನು ಹೊರತೆಗೆದುಕೊಳ್ಳುವುದು, ಅನಂತರವೇ ಫಾರ್ಮ್ಯಾಟ್ ಬಗ್ಗೆ ಯೋಚಿಸುವುದು ಎಂಬ ಕ್ರಮವನ್ನು ಅನುಸರಿಸತಕ್ಕದ್ದು.

ದೋಷ ಎಲ್ಲಿದೆ?

‘ಆನ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹಲವು ದೋಷಗಳು ಸೇರಿಕೊಂಡಿರುತ್ತವೆ. ಗುಂಡಿ ಒತ್ತಿದಾಗ ಒಂದು ದೀಪವೂ ಬೆಳಗದಿರುವುದು ಬೇರೆ. ದೀಪ ಬೆಳಗಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿರುವುದು ಬೇರೆ. ಕಂಪನಿಯ ಹೆಸರು ಮೂಡಿದ ನಂತರ ಇಂಗ್ಲಿಷ್‌ನಲ್ಲಿ ಒಂದು ಸಾಲು ಸಂದೇಶ ಬಂದು ನಿಂತರೆ ಅದು ಮೂರನೆಯ ಬಗೆ. ವಿಂಡೋಸ್ ಚಿಹ್ನೆಯವರೆಗೆ ಬಂದು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುವುದು ಅಥವಾ ನೀಲಿ ಪರದೆ ಬರುವುದು ನಾಲ್ಕನೆಯದು. ಎಲ್ಲಿ ನಿಂತಿತು ಎಂಬುದನ್ನು ಗಮನಿಸಿ, ಪರದೆಯ ಮೇಲೆ ಸಂದೇಶವಿದ್ದರೆ ಅದರ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದು. ದುರಸ್ತಿ ಮಾಡುವವರಿಗೆ ಹತ್ತು ನಿಮಿಷದ ವಿವರಣೆಗಿಂತ ಈ ಒಂದು ಚಿತ್ರ ಹೆಚ್ಚು ಉಪಯುಕ್ತ.

ವಿದ್ಯುತ್ ಮತ್ತು ಪರದೆ

ಏನೂ ಬೆಳಗದಿದ್ದಲ್ಲಿ ಮೊದಲು ಪ್ಲಗ್ ಪಾಯಿಂಟ್ ಬದಲಾಯಿಸಿ ನೋಡಬೇಕು. ಏಪ್ರಿಲ್-ಮೇ ತಿಂಗಳುಗಳ ಗುಡುಗು-ಸಿಡಿಲಿನ ಮಳೆಯಲ್ಲಿ ಚಾರ್ಜರ್ ಸುಟ್ಟುಹೋಗುವ ಸಂಭವ ಉಂಟು. ಅಂತಹ ವೇಳೆ ಪ್ಲಗ್ ತೆಗೆದಿಡುವುದು ಉತ್ತಮ. ಟೈಪ್-ಸಿ ಚಾರ್ಜರ್ ಬಳಸುವವರು ಅದರ ವ್ಯಾಟ್ ಸಂಖ್ಯೆಯನ್ನು ಓದಿಕೊಳ್ಳಬೇಕು. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ ಮೊಬೈಲ್‌ನ ಸಣ್ಣ ಚಾರ್ಜರ್ ಸಿಕ್ಕಿಸಿ ‘ಕೆಟ್ಟಿದೆ’ ಎಂದು ತೀರ್ಮಾನಿಸಿದರೆ ದೋಷ ಯಂತ್ರದ್ದಲ್ಲ.

ಚಾರ್ಜರ್ ಸರಿಯಿದ್ದೂ ಆರಂಭವಾಗದಿದ್ದರೆ, ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ಬಿಡಿಸಿ, ಬ್ಯಾಟರಿ ಹೊರಗೆ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಆನ್ ಮಾಡುವ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ ಇದರಿಂದ ಹರಿದುಹೋಗುತ್ತದೆ. ಬಳಿಕ ಚಾರ್ಜರ್ ಸಿಕ್ಕಿಸಿ ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಬೇಕು. ಖರ್ಚಿಲ್ಲದ ಈ ಉಪಾಯದಿಂದ ಸರಿಹೋಗುವ ಯಂತ್ರಗಳು ಕಡಿಮೆಯೇನಲ್ಲ.

ಪರದೆ ಮಾತ್ರ ಕಪ್ಪಾಗಿದ್ದಲ್ಲಿ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡುವುದು. ಅಕ್ಷರಗಳು ಮಸುಕಾಗಿ ಕಂಡರೆ ಯಂತ್ರ ಕೆಲಸ ಮಾಡುತ್ತಿದೆ, ಪರದೆಯ ಹಿಂಬೆಳಕು ಮಾತ್ರ ಹೋಗಿದೆ ಎಂದರ್ಥ. ಮನೆಯ ಟಿ.ವಿ.ಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಚಿತ್ರ ಮೂಡಿದರೂ ಇದೇ ತೀರ್ಮಾನ, ಆಗ ಟಿ.ವಿ.ಯನ್ನೇ ಪರದೆಯಾಗಿ ಬಳಸಿ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಬೀಪ್ ಸದ್ದು ಅಥವಾ ಕ್ಯಾಪ್ಸ್‌ಲಾಕ್ ದೀಪದ ಮಿಣುಕು ಇದ್ದರೆ ಎಷ್ಟು ಬಾರಿ ಎಂದು ಎಣಿಸಿ ಬರೆದಿಟ್ಟುಕೊಳ್ಳುವುದು. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ.

ಎರಡು ಸಂದರ್ಭಗಳಲ್ಲಿ ಯಾವ ಪ್ರಯತ್ನವನ್ನೂ ಮಾಡಕೂಡದು. ನೀರು ಬಿದ್ದ ಲ್ಯಾಪ್‌ಟಾಪನ್ನು ಒಳಭಾಗ ಒಣಗಿಸಿ ಪರೀಕ್ಷಿಸುವ ತನಕ ಆನ್ ಮಾಡಬಾರದು. ಹಾಗೆಯೇ ಟಚ್‌ಪ್ಯಾಡ್ ಮೇಲಕ್ಕೆದ್ದಿದ್ದರೆ ಅಥವಾ ತಳಭಾಗ ಉಬ್ಬಿ ಮೇಜಿನ ಮೇಲೆ ಅಲ್ಲಾಡುತ್ತಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅಂತಹುದನ್ನು ಚಾರ್ಜ್ ಮಾಡುವುದು, ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ.

ಸಂದೇಶ ಬಂದು ನಿಂತಾಗ

‘ನೋ ಬೂಟಬಲ್ ಡಿವೈಸ್’ ಎಂಬರ್ಥದ ಸಂದೇಶ ಬಂದಲ್ಲಿ ಗಾಬರಿಯಾಗುವ ಮುನ್ನ ಪೆನ್‌ಡ್ರೈವ್ ಸಿಕ್ಕಿಸಿಯೇ ಇದೆಯೇ ಎಂದು ನೋಡುವುದು. ಯಂತ್ರವು ವಿಂಡೋಸನ್ನು ಪೆನ್‌ಡ್ರೈವ್‌ನಲ್ಲಿ ಹುಡುಕುತ್ತಾ ನಿಂತಿರಬಹುದು. ಹಳೆಯ ಯಂತ್ರಗಳಲ್ಲಿ ಬಯಾಸ್ ನೆನಪನ್ನು ಕಾಯುವ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಮುಗಿದಿದ್ದರೆ, ಪ್ರತಿ ಬಾರಿಯೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಇದರ ಇನ್ನೊಂದು ಪರಿಣಾಮ ಹಲವರಿಗೆ ತಿಳಿದಿಲ್ಲ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಸೇವಾ ಸಿಂಧುವಾಗಲಿ ಬ್ಯಾಂಕಿನ ತಾಣವಾಗಲಿ ಕೆಟ್ಟಿದೆಯೆಂದು ಭಾವಿಸಿ ಅರ್ಜಿದಾರರು ಅಲೆದಾಡುತ್ತಾರೆ. ಸೆಲ್ ಬದಲಾಯಿಸಿದರೆ ತೊಂದರೆ ತೀರುತ್ತದೆ.

ಡಿಸ್ಕ್‌ನಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತಿದ್ದಲ್ಲಿ ಮಾತ್ರ ತಕ್ಷಣ ಆಫ್ ಮಾಡತಕ್ಕದ್ದು. ಮತ್ತೊಮ್ಮೆ ನೋಡೋಣವೆಂದು ಆನ್ ಮಾಡಿದ ಪ್ರತಿ ಬಾರಿಯೂ ಮಾಹಿತಿ ಮರಳಿ ಸಿಗುವ ಸಾಧ್ಯತೆ ಕುಗ್ಗುತ್ತದೆ.

ವಿಂಡೋಸ್ ಹಂತದಲ್ಲಿ

ಚಿಹ್ನೆ ಮೂಡುತ್ತಿರುವಾಗಲೇ ಗುಂಡಿ ಒತ್ತಿ ಹಿಡಿದು ಆಫ್ ಮಾಡುವುದನ್ನು ಎರಡು-ಮೂರು ಸಲ ಪುನರಾವರ್ತಿಸಿದರೆ ವಿಂಡೋಸ್ 10 ಮತ್ತು 11 ತಾವಾಗಿಯೇ ದುರಸ್ತಿ ಪರದೆಯನ್ನು ತೋರಿಸುತ್ತವೆ. ಅದರಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’ ಮೂಲಕ ‘ಸ್ಟಾರ್ಟಪ್ ರಿಪೇರ್’ ಮೊದಲು ಪ್ರಯತ್ನಿಸುವುದು. ತೊಂದರೆ ಹೊಸ ಅಪ್‌ಡೇಟ್ ಬಂದ ಮರುದಿನ ಆರಂಭವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಸಹಾಯಕ. ಅಲ್ಲಿಯೇ ಇರುವ ‘ರಿಸೆಟ್ ದಿಸ್ ಪಿಸಿ’ ಎಂಬುದನ್ನು ಕುತೂಹಲಕ್ಕೂ ಒತ್ತಬಾರದು. ‘ಕೀಪ್ ಮೈ ಫೈಲ್ಸ್’ ಆಯ್ಕೆಯಲ್ಲಿ ಸ್ವಂತ ಕಡತಗಳು ಉಳಿದರೂ ನುಡಿ, ಟ್ಯಾಲಿಯಂತಹ ತಂತ್ರಾಂಶಗಳು ಅಳಿಸಿಹೋಗುತ್ತವೆ. ಇನ್ನೊಂದು ಆಯ್ಕೆಯಲ್ಲಿ ಏನೂ ಉಳಿಯುವುದಿಲ್ಲ.

ಕೆಲವು ಯಂತ್ರಗಳು ಈ ಹಂತದಲ್ಲಿ 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತವೆ. ಡಿಸ್ಕ್‌ನ ಮಾಹಿತಿ ಗೂಢಲಿಪಿಯಲ್ಲಿರುವ ಯಂತ್ರಗಳಿವು. ಮಾಲೀಕರಿಗೇ ಅದು ತಿಳಿದಿರುವುದಿಲ್ಲ. ಬಯಾಸ್‌ನಲ್ಲಿ ಏನಾದರೂ ಬದಲಾಯಿಸಿದರೂ ಈ ಪ್ರಶ್ನೆ ಎದುರಾಗಬಹುದು. ಯಂತ್ರವನ್ನು ಮೊದಲು ಸಿದ್ಧಪಡಿಸುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಪ್ರವೇಶಿಸಿದರೆ ಕೀಲಿ ಸಾಮಾನ್ಯವಾಗಿ ಅಲ್ಲಿ ದೊರೆಯುತ್ತದೆ. ಅಂಗಡಿಯವರು ಸಿದ್ಧಪಡಿಸಿಕೊಟ್ಟ ಯಂತ್ರವಾದರೆ ಅದು ಅವರ ಖಾತೆಯಲ್ಲಿಯೇ ಉಳಿದಿರಬಹುದು. ಕೀಲಿ ಎಲ್ಲಿಯೂ ಇಲ್ಲವಾದರೆ ಮೈಕ್ರೋಸಾಫ್ಟ್ ಕೂಡ ಆ ಕಡತಗಳನ್ನು ತೆರೆದುಕೊಡಲಾರದು. ಆದ್ದರಿಂದ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡುವುದು.

ಇದು ದೊಡ್ಡ ಸಂಸ್ಥೆಗಳಿಗೂ ಎದುರಾದ ಕಷ್ಟ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಕೆಲಸ ಅಸ್ತವ್ಯಸ್ತವಾಗಿ, ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಬರಹದಲ್ಲಿ ನೀಡಲಾಯಿತು. ಸೇಫ್ ಮೋಡ್‌ನಲ್ಲಿ ಆರಂಭಿಸಿ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು, ಫಾರ್ಮ್ಯಾಟ್ ಬೇಕಿರಲಿಲ್ಲ. ಆದರೆ ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಅಷ್ಟು ಮಾಡುವುದಕ್ಕೂ ಮೊದಲು ಕೀಲಿ ಹುಡುಕಬೇಕಾಯಿತು.

ಕಡತಗಳನ್ನು ಉಳಿಸಿಕೊಳ್ಳುವುದು

ವಿಂಡೋಸ್ ಆರಂಭವಾಗದಿದ್ದರೂ ಡಿಸ್ಕ್ ಸರಿಯಿದ್ದರೆ ಕಡತಗಳು ಅದರಲ್ಲಿಯೇ ಇರುತ್ತವೆ. ಉಬುಂಟುವಿನಂತಹ ಉಚಿತ ಲಿನಕ್ಸ್ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ನಡೆಸಿ ಅವುಗಳನ್ನು ನಕಲು ಮಾಡಬಹುದು. ‘ಇನ್‌ಸ್ಟಾಲ್’ ಒತ್ತದೆ ‘ಟ್ರೈ’ ಒತ್ತುವುದು ಮುಖ್ಯ. ಡಿಸ್ಕ್ ಹೊರತೆಗೆದು ಯುಎಸ್‌ಬಿ ಡಬ್ಬಿಯ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸುವುದು ಇನ್ನೊಂದು ವಿಧಾನ. ಬಿಟ್‌ಲಾಕರ್ ಇದ್ದರೆ ಇವೆರಡಕ್ಕೂ ಕೀಲಿ ಬೇಕು.

ಅಂಗಡಿಗೆ ಕೊಡುವವರು ‘ಡೇಟಾ ನಕಲು ಮಾಡಿದ ನಂತರವೇ ಫಾರ್ಮ್ಯಾಟ್’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಯಾವ ಫೋಲ್ಡರ್ ಎಂಬುದನ್ನೂ ಹೇಳಬೇಕು. ಸಾಮಾನ್ಯವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ನಕಲಾಗುತ್ತವೆ. ವ್ಯಾಪಾರಿಗಳ ಟ್ಯಾಲಿ ಲೆಕ್ಕ ಅಲ್ಲಿರುವುದಿಲ್ಲ. ಟ್ಯಾಲಿ ಪ್ರೈಮ್ ತಾನಾಗಿ ಆರಿಸಿಕೊಳ್ಳುವ ಜಾಗ ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರ್; ಹಳೆಯ ಟ್ಯಾಲಿ ಇಆರ್‌ಪಿ 9ರ ಲೆಕ್ಕ ಸಿ ಡ್ರೈವ್‌ನ ಅದರದೇ ಫೋಲ್ಡರ್‌ನಲ್ಲಿರುತ್ತದೆ. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ವ್ಯಾಪಾರಿಗೆ 18ರಂದು ಲೆಕ್ಕ ಅಳಿಸಿಹೋದರೆ ಆಗುವ ಸಂಕಟವನ್ನು ಲೆಕ್ಕ ಬರೆದು ಬಲ್ಲವರೇ ಬಲ್ಲರು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕ ಸೂಚನೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಶೈಲಿ ಬಳಸಿ ಬರೆದ ಕಡತಗಳು, ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುತ್ತವೆ. ಕಡತ ಹಾಳಾಗಿದೆಯೆಂದು ಅಳಿಸಿಹಾಕಿದರೆ ನಷ್ಟ ತಾನಾಗಿ ತಂದುಕೊಂಡಂತೆ. ಉಚಿತವಾಗಿ ದೊರೆಯುವ ನುಡಿಯನ್ನು ಮತ್ತೆ ಸ್ಥಾಪಿಸಿದೊಡನೆ ಅದೇ ಕಡತ ಕನ್ನಡದಲ್ಲಿ ತೆರೆದುಕೊಳ್ಳುತ್ತದೆ.

ಕೆಲವು ದಾಖಲೆಗಳ ಬಗ್ಗೆ ಚಿಂತಿಸಬೇಕಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಆರ್‌ಡಿ ಸಂಖ್ಯೆಯಿಂದ ನಾಡಕಚೇರಿ ತಾಣದಲ್ಲಿ ಪರಿಶೀಲಿಸಿ ಮರಳಿ ಪಡೆಯಬಹುದು, ಪಹಣಿ ಭೂಮಿ ದತ್ತಾಂಶದಲ್ಲಿದೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಲಭ್ಯವಿದೆ. ಸ್ವಂತವಾಗಿ ಬರೆದ, ತೆಗೆದ, ಲೆಕ್ಕಹಾಕಿದ ಕಡತಗಳಿಗೆ ಮಾತ್ರ ಎಲ್ಲಿಯೂ ಎರಡನೆಯ ಪ್ರತಿ ಇರುವುದಿಲ್ಲ. ನಕಲು ಮಾಡಿಸುವಾಗ ಅವುಗಳಿಗೆ ಆದ್ಯತೆ ನೀಡುವುದು.

ದುರಸ್ತಿಗೆ ಕೊಂಡೊಯ್ಯುವಾಗ

ಖರೀದಿ ಬಿಲ್ಲು ಮತ್ತು ಚಾರ್ಜರ್ ಜೊತೆಯಲ್ಲಿರಲಿ. ಚಾರ್ಜರ್ ಮನೆಯಲ್ಲಿ ಬಿಟ್ಟು ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋದವರು ಎರಡನೇ ಬಾರಿ ಹೋಗಬೇಕಾಗುತ್ತದೆ. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲವು 14-10-2025ಕ್ಕೆ ಮುಕ್ತಾಯಗೊಂಡಿರುವುದರಿಂದ, ಹೊಸದಾಗಿ ಹಾಕಿಸುವುದಾದರೆ ಯಂತ್ರವು ವಿಂಡೋಸ್ 11ಕ್ಕೆ ಅರ್ಹವೇ ಎಂದು ಕೇಳಿಕೊಳ್ಳುವುದು. ಅರ್ಹವಲ್ಲದಿದ್ದರೆ ಲಿನಕ್ಸ್ ಒಂದು ದಾರಿ.

ವಾರಂಟಿ ಇದ್ದೂ ಸೇವೆ ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರನ್ವಯ, ಯಂತ್ರವನ್ನು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕೊಂಡಿದ್ದರೂ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ.

ದುರಸ್ತಿಗೆ ಬಾರದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕ್ ತೆಗೆದಿಟ್ಟುಕೊಳ್ಳುವುದು. ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ, ಪ್ರತ್ಯೇಕವಾಗಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ನೀಡತಕ್ಕದ್ದು.